ಪ್ರಾಂಪ್ಟರ್ ದೇವದಾಸರ ತುಟಿ

ಐವತ್ತನಾಲ್ಕನೆಯ ವಯಸ್ಸಿನಲ್ಲಿ ದೇವದಾಸರ ಕೈಗೆ ಮತ್ತೊಮ್ಮೆ ಪರೀಕ್ಷೆಯ ಕಾಗದ ಬಂತು. ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದ ಹೋಟೆಲೊಂದರಲ್ಲಿ ಅವರು ಮ್ಯಾನೇಜರು. ಮಧ್ಯಾಹ್ನದ ಊಟದವರು ಎದ್ದುಹೋಗಿ, ಸಂಜೆಯ ದೋಸೆಯವರು ಇನ್ನೂ ಬಾರದೆ ಇರುವ ಒಂದು ಗಂಟೆಯ ಬಿಡುವಿನಲ್ಲಿ ಆ ಕಾಗದವನ್ನು ಗಲ್ಲಾದ ಮೇಲೆ ಹರಡಿಕೊಂಡು ಪೆನ್ನಿನ ತುದಿ ಕಚ್ಚುತ್ತ ಕುಳಿತಿದ್ದರು. ಮಗಳು ಸೋನಾಲಿಯ ಕಾಲೇಜಿನವರು ಕೊಟ್ಟ ಕಾಗದ ಅದು. ವಿದ್ಯಾರ್ಥಿಗಳ ಸಿನಿಮಾದಲ್ಲಿ ಕೈಯಾಡಿಸಿದ ಪ್ರತಿಯೊಬ್ಬರೂ, ನಟಿಸಿದವರಾಗಲಿ ಚಹಾ ಮಾಡಿಕೊಟ್ಟವರಾಗಲಿ, ಅದನ್ನು ತುಂಬಿಸಿ ಕೊಡಬೇಕಂತೆ. ಇದ್ದದ್ದು ಒಂದೇ ಪ್ರಶ್ನೆ: ಈ ಸಿನಿಮಾ ಮಾಡುವಾಗ ನೀವು ಹೊಸದಾಗಿ ಏನು ಕಲಿತಿರಿ? ಅದರ ಕೆಳಗೆ ಇಪ್ಪತ್ತು ಗೆರೆ ಖಾಲಿ ಬಿಟ್ಟಿದ್ದರು.

ಇಪ್ಪತ್ತು ಗೆರೆ ನೋಡಿ ದೇವದಾಸರಿಗೆ ನಗು ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಜಾಗ ಕೊಟ್ಟಾಗಲೂ ಅವರು ತುಂಬಿಸಿದವರಲ್ಲ.

ಸೋನಾಲಿ ತನ್ನ ಕಾಗದವನ್ನು ಆಗಲೇ ತುಂಬಿಸಿ, ಸಾಲದೆ ಎರಡು ಹಾಳೆ ಹೆಚ್ಚುವರಿ ಪೋಣಿಸಿದ್ದಳು. ನಾಯಕತ್ವ, ಸಮಯಪಾಲನೆ, ಒತ್ತಡ ನಿಭಾಯಿಸುವ ಕಲೆ ಎಂದೆಲ್ಲ ಬರೆದಿದ್ದಳು. ಒತ್ತಡ ಕೊಡುವ ಕಲೆ ಎಂದು ಬರೆದಿದ್ದರೆ ದೇವದಾಸರು ಸಾಕ್ಷಿ ಸಹಿ ಹಾಕುತ್ತಿದ್ದರು. ಆದರೆ ತಮ್ಮ ಬಗ್ಗೆ ಏನು ಬರೆಯುವುದು? ಸಿನಿಮಾ ಶುರುವಾದಾಗ ಅವರು ನಟನಾಗಲು ಹೊರಟಿದ್ದರು. ಮುಗಿಯುವಾಗ ಏನಾಗಿದ್ದರು ಎಂಬುದನ್ನು ಕಾಲೇಜಿನವರಿಗೆ ಹೇಗೆ ತಿಳಿಸುವುದೆಂದು ಹೊಳೆಯಲಿಲ್ಲ.

ಉಡುಪಿ ಕಡೆಯಿಂದ ಎಂಬತ್ತೊಂದರಲ್ಲಿ ಬಂದು ಡೊಂಬಿವಲಿಯಲ್ಲಿ ಬೇರೂರಿದ ದೇವದಾಸರಿಗೆ ನಾಟಕದ ಹುಚ್ಚು. ತೊಂಬತ್ತರಲ್ಲಿ ಅಲ್ಲಿನ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ನಾಟಕ ಆಡುತ್ತಾರೆಂದು ತಿಳಿದು, ಇಸ್ತ್ರಿ ಅಂಗಿ ಹಾಕಿಕೊಂಡು, ಮೀಸೆ ತಿದ್ದಿಸಿಕೊಂಡು ಪಾತ್ರ ಕೇಳಲು ಹೋಗಿದ್ದರು. ತಮ್ಮ ಮುಖದ ಬಗ್ಗೆ ಅವರಿಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ನಿರ್ದೇಶಕರು ಆ ಮುಖವನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಆಮೇಲೆ ನಾಟಕದ ಪುಸ್ತಕವನ್ನು ಅವರ ಕೈಗಿಟ್ಟು, "ನಿಮ್ಮ ಸ್ವರ ಚಂದ ಉಂಟು ಮಾರಾಯ್ರೆ, ನೀವು ಪ್ರಾಂಪ್ಟಿಂಗ್ ಮಾಡಿ" ಎಂದರು. ಅಂದು ಪರದೆಯ ಹಿಂದೆ ಹೋಗಿ ನಿಂತ ದೇವದಾಸರು ಇಪ್ಪತ್ತೆರಡು ವರ್ಷ ಇಪ್ಪತ್ತೆರಡು ನಾಟಕಕ್ಕೆ ಅಲ್ಲೇ ನಿಂತರು. ರಾಜ ಮರೆತ ಮಾತನ್ನು ಅವರೇ ಹೇಳಿಕೊಟ್ಟರು, ರಾಣಿ ಮರೆತದ್ದನ್ನೂ ಅವರೇ. ಚಪ್ಪಾಳೆ ಬಿದ್ದಾಗ ಪುಟ ಮಡಚಿ ಚಹಾ ಕುಡಿಯಲು ಹೋಗುತ್ತಿದ್ದರು. ಸ್ಮರಣ ಸಂಚಿಕೆಯಲ್ಲಿ ಅವರ ಹೆಸರು ಕೊನೆಯ ಸಾಲಿನಲ್ಲಿ, ಕುರ್ಚಿ ಬಾಡಿಗೆಗೆ ಕೊಟ್ಟವರ ಹೆಸರಿನ ಪಕ್ಕದಲ್ಲಿ ಬರುತ್ತಿತ್ತು.

ಪ್ರಾಂಪ್ಟಿಂಗಿಗೂ ತಯಾರಿ ಬೇಕು ಎಂಬುದು ಅವರ ವಾದ. ಸೆಪ್ಟೆಂಬರ್ ಬಂತೆಂದರೆ ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಇಡೀ ನಾಟಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಮನೆಮಾತು ತುಳುವಾದರೂ ಈ ದೆಸೆಯಿಂದ ಮನೆಯಲ್ಲಿ ಕನ್ನಡವೇ ಹೆಚ್ಚು ಕೇಳಿಸುತ್ತಿತ್ತು. ಹೆಂಡತಿ ನಳಿನಾಕ್ಷಿ ಒಳಗೆ ಕಾಯಿ ತುರಿಯುತ್ತಲೋ ಬಸಳೆ ಸೋಸುತ್ತಲೋ ಇರುತ್ತಿದ್ದರು. ಚೆನ್ನಾಗಿದೆ ಎಂದೂ ಹೇಳಿದವರಲ್ಲ, ಸಾಕು ಎಂದೂ ಹೇಳಿದವರಲ್ಲ. ಕುಕ್ಕರಿನ ಸೀಟಿಗೆ ಕೊಟ್ಟಷ್ಟು ಗಮನವನ್ನೂ ಹೆಂಡತಿ ತಮಗೆ ಕೊಡುವುದಿಲ್ಲ ಎಂದು ದೇವದಾಸರು ಹೋಟೆಲಿನಲ್ಲಿ ಹೇಳಿಕೊಂಡು ನಗುತ್ತಿದ್ದರು. ನಗುತ್ತಿದ್ದರೇ ಹೊರತು, ಒಳಗೊಳಗೆ ಅವರಿಗೊಂದು ಆಸೆ ಉಳಿದೇ ಇತ್ತು: ಒಮ್ಮೆ, ಒಂದೇ ಒಮ್ಮೆ, ತಮ್ಮ ಮುಖ ನಾಲ್ಕು ಜನರಿಗೆ ಕಾಣಬೇಕು.

ಹಾಗಾಗಿ ಎರಡು ಸಾವಿರದ ಹನ್ನೆರಡರ ಜನವರಿಯಲ್ಲಿ ಸೋನಾಲಿ ಬಂದು, "ಪಪ್ಪಾ, ಮೇರೇ ಫಿಲ್ಮ್ ಮೇ ಕಾಮ್ ಕರೋಗೇ?" ಎಂದು ತನ್ನ ಸಿನಿಮಾದಲ್ಲಿ ನಟಿಸಲು ಕೇಳಿದಾಗ, ದೇವದಾಸರು ಯೋಚಿಸಿ ಹೇಳುತ್ತೇನೆ ಎಂದು ಗತ್ತಿನಿಂದ ಹೇಳಿ, ಕೈ ತೊಳೆದು ಬರುವಷ್ಟರಲ್ಲಿ ಒಪ್ಪಿಕೊಂಡರು. ಸೋನಾಲಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ ಹಿಂದಿ. ಕೊನೆಯ ವರ್ಷದ ಸಿನಿಮಾ ಮನೆಯಲ್ಲಿ ಹೆಚ್ಚು ಕೇಳುವ ಭಾಷೆಯಲ್ಲೇ ಇರಬೇಕೆಂದು ಕಾಲೇಜಿನ ನಿಯಮ. ಕಥೆ ಅವಳದು, ಕನ್ನಡದ ಮಾತು ದೇವದಾಸರದು. ಬ್ಯಾಂಕಿನ ಗುಮಾಸ್ತನೊಬ್ಬ ನಿವೃತ್ತನಾದ ಮರುದಿನ ಹೆಂಡತಿಯ ಎದುರು ಕುಳಿತು ಚಹಾ ಕುಡಿಯುತ್ತಾನೆ. ಇಬ್ಬರಿಗೂ ಏನು ಮಾತಾಡುವುದೆಂದು ತಿಳಿಯುವುದಿಲ್ಲ. ಹನ್ನೆರಡು ನಿಮಿಷದ ಸಿನಿಮಾ ಅಷ್ಟೇ.

ಸುದ್ದಿ ವರ್ತಕ ನಗರವಿಡೀ ಹಬ್ಬಲು ಎರಡು ದಿನ ಸಾಕಾಯಿತು. ಹಬ್ಬಿಸಿದವರು ದೇವದಾಸರೇ. ಹೋಟೆಲಿನ ಹುಡುಗರಿಗೆ ಹೇಳಿದರು, ಬೆಳಗಿನ ಲೋಕಲ್ ರೈಲಿನಲ್ಲಿ ಒಟ್ಟಿಗೆ ನಿಂತು ಬರುವ ಗುಂಪಿಗೆ ಹೇಳಿದರು, ಸಾಂಬಾರ್ ಸಾಲದು ಎಂದು ದೂರಲು ಬಂದ ಗಿರಾಕಿಗೂ ಹೇಳಿದರು. ಆ ಗಿರಾಕಿ ಸಾಂಬಾರಿನ ಮಾತನ್ನೇ ಬಿಟ್ಟುಹೋದ.

ಹೆಂಡತಿಯ ಪಾತ್ರಕ್ಕೆ ಬಳಗದ ಲೋಲಾಕ್ಷಿಯನ್ನು ಕರೆಸಲಾಯಿತು. ಇಪ್ಪತ್ತು ವರ್ಷ ಬಳಗದ ಎಲ್ಲ ನಾಟಕಗಳ ನಾಯಕಿ ಆಕೆಯೇ. ಕ್ಯಾಮರಾ ಹಿಡಿಯಲು ಸೋನಾಲಿಯ ಸಹಪಾಠಿ ಕುಶಾಲ್ ಬಂದ. ಬೆಂಗಳೂರಿನವರ ಮಗ, ತಂದೆಗೆ ಐಟಿ ಕೆಲಸ. ಬೆಳಕು ಮುಖಕ್ಕೆ ತಿರುಗಿಸಲು ಬಿಳಿ ಥರ್ಮೋಕೋಲಿನ ಹಲಗೆಯೊಂದನ್ನು ಯಾರಾದರೂ ಎತ್ತಿ ಹಿಡಿಯಬೇಕಿತ್ತು. ಬೇರೆ ಯಾರೂ ಸಿಗದೆ ಅದನ್ನು ನಳಿನಾಕ್ಷಿಯ ಕೈಗೆ ಕೊಟ್ಟರು. ಶೂಟಿಂಗು ಅವರದೇ ಮನೆಯಲ್ಲಿ, ಡೊಂಬಿವಲಿಯ ಹಳಿಯ ಪಕ್ಕದ ಮೂರನೆಯ ಮಹಡಿ. ಮೂರು ನಿಮಿಷಕ್ಕೊಂದು ಲೋಕಲ್ ಹೋಗುತ್ತಿದ್ದುದರಿಂದ ಗಂಡಹೆಂಡಿರ ಜೀವನದ ಸೂಕ್ಷ್ಮಗಳನ್ನೆಲ್ಲ ಎರಡು ಗಾಡಿಗಳ ನಡುವೆ ಮುಗಿಸಬೇಕಿತ್ತು.

ಮೊದಲ ಭಾನುವಾರ ಮೊದಲ ಶಾಟಿನಲ್ಲೇ ಕುಶಾಲ್ ಕ್ಯಾಮರಾದಿಂದ ತಲೆ ಎತ್ತಿದ.

"ಅಂಕಲ್, ಆಂಟಿ ಮಾತಾಡ್ವಾಗ ನಿಮ್ ತುಟಿ ಯಾಕೆ ಅಲ್ಲಾಡ್ತಿದೆ?"

"ನನ್ನದಾ? ಇಲ್ಲಪ್ಪ."

ಕುಶಾಲ್ ಶಾಟನ್ನು ಹಿಂದಕ್ಕೆ ಓಡಿಸಿ ತೋರಿಸಿದ. ಲೋಲಾಕ್ಷಿ "ಸಕ್ಕರೆ ಕಡಿಮೆ ಆಯ್ತಾ?" ಎಂದು ಕೇಳುವ ಅರೆಗಳಿಗೆ ಮೊದಲೇ ದೇವದಾಸರ ತುಟಿ "ಸಕ್ಕರೆ ಕಡಿಮೆ ಆಯ್ತಾ" ಎನ್ನುತ್ತಿತ್ತು. ಆಕೆಯ ಒಂದೊಂದು ಮಾತಿಗೂ ಹಾಗೆಯೇ. ಬ್ಯಾಂಕಿನ ಗುಮಾಸ್ತನೊಬ್ಬ ಹೆಂಡತಿ ಹೇಳಬೇಕಾದ್ದನ್ನೆಲ್ಲ ಮೊದಲೇ ಜಪಿಸುತ್ತ ಕುಳಿತಂತೆ ಕಾಣುತ್ತಿತ್ತು. ಇನ್ನು ತಮ್ಮ ಸ್ವಂತ ಮಾತು ಬಂದಾಗ ದೇವದಾಸರು ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಸ್ವರ ತಗ್ಗಿಸಿ, ಏರಿಳಿತವಿಲ್ಲದೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು, ಬೇರೆ ಯಾರೋ ಅದನ್ನು ಎತ್ತಿಕೊಂಡು ಗಟ್ಟಿಯಾಗಿ ಹೇಳಲಿ ಎಂಬಂತೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಒಂದು ಭಾನುವಾರಕ್ಕೆ ಹೋಗುವುದಿಲ್ಲ, ಎರಡನೆಯ ಭಾನುವಾರಕ್ಕೂ ಹೋಗಲಿಲ್ಲ.

ಮೂರನೆಯ ಭಾನುವಾರ ಸೋನಾಲಿ ಅಪ್ಪನ ಎದುರು ಬಂದು ನಿಂತಳು. ಮುಂದಿನ ಶುಕ್ರವಾರ ಸಿನಿಮಾ ಒಪ್ಪಿಸಬೇಕು. "ಪಪ್ಪಾ, ಪ್ಲೀಸ್. ಹೋಂಟ್ ಬಂದ್. ಏಕದಮ್ ಬಂದ್," ಎಂದು ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ದೇವದಾಸರು ಒಂದು ಉಪಾಯ ಕಂಡುಕೊಂಡರು. ಮುಂದಿನ ಹಲ್ಲುಗಳ ನಡುವೆ ಒಂದು ಲವಂಗ ಕಚ್ಚಿಕೊಂಡರು. ತುಟಿ ನಿಂತಿತು.

ಆಗ ಲೋಲಾಕ್ಷಿಯೂ ನಿಂತುಬಿಟ್ಟರು. ಒಂದಲ್ಲ, ಒಂಬತ್ತು ಸಲ. ಚಹಾ ಬಗ್ಗಿಸುತ್ತಾರೆ, ದೇವದಾಸರ ಬಾಯಿಯನ್ನೇ ನೋಡುತ್ತಾರೆ, ಆ ಬಾಯಿಂದ ಏನೂ ಬಾರದೆ ಸುಮ್ಮನಾಗುತ್ತಾರೆ. ಇಪ್ಪತ್ತು ವರ್ಷ ಈ ಬಳಗದ ನಾಯಕಿ ಒಂದೇ ಒಂದು ಮಾತನ್ನೂ ಬಾಯಿಪಾಠ ಮಾಡಿರಲಿಲ್ಲ, ಎಲ್ಲವನ್ನೂ ಪರದೆಯ ಆಚೆಯಿಂದ ಎತ್ತಿಕೊಂಡೇ ಆಡಿದ್ದರು ಎಂಬುದು ಅಂದು ದೇವದಾಸರಿಗೆ ತಿಳಿಯಿತು. ಅವರಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ, ಎಂಥ ಹೊತ್ತಿನಲ್ಲಿ ಹೆಮ್ಮೆಪಡುತ್ತಿದ್ದೇನೆ ಎಂದು ನಾಚಿಕೆಯಾಯಿತು.

"ನೀವು ಹೇಳಿಕೊಡದೆ ನಾನು ಹೇಗೆ ಹೇಳುದು ದೇವಣ್ಣ?" ಎಂದು ಲೋಲಾಕ್ಷಿ ಕೈಚೀಲ ಎತ್ತಿಕೊಂಡರು. "ಈ ಮೂಕರ ಆಟ ನನಗೆ ಆಗ್ಲಿಕ್ಕಿಲ್ಲ. ನವೆಂಬರಿಗೆ ನಾಟಕ ಉಂಟಲ್ಲ, ಅಲ್ಲಿ ಸಿಗುವ."

ಆಕೆ ಮೆಟ್ಟಿಲಿಳಿದು ಹೋದ ಮೇಲೆ ಸೋನಾಲಿ ಮೂಲೆಯಲ್ಲಿ ಕುಳಿತು ಅತ್ತಳು. ದೇವದಾಸರು ಲವಂಗ ಉಗುಳಿ, ಏನಾದರೂ ಸಮಾಧಾನ ಹೇಳೋಣವೆಂದು ನೋಡಿದರು. ಬೇರೆಯವರು ಬರೆದುಕೊಟ್ಟ ಮಾತಿಲ್ಲದೆ ಅವರಿಗೂ ಏನೂ ತೋಚಲಿಲ್ಲ.

"ನಾನು ಮಾಡ್ಲಾ?" ಎಂದು ಯಾರೋ ಕೇಳಿದರು. ನೋಡಿದರೆ ನಳಿನಾಕ್ಷಿ, ಥರ್ಮೋಕೋಲಿನ ಹಲಗೆಯನ್ನು ಇನ್ನೂ ಎತ್ತಿ ಹಿಡಿದುಕೊಂಡೇ ಇದ್ದರು.

ಮಂಗಳವಾರ ದೇವದಾಸರ ವಾರದ ರಜೆ. ಅಂದು ಬೆಳಿಗ್ಗೆಯಿಂದ ಇಡೀ ಸಿನಿಮಾವನ್ನು ಮತ್ತೆ ತೆಗೆದರು. ಹಲಗೆಯನ್ನು ಸೋನಾಲಿಯೇ ಹಿಡಿದಳು. ಬರೆದ ಹಾಳೆ ಕೊಡಲು ಹೋದರೆ ನಳಿನಾಕ್ಷಿ "ಬೇಡ, ಗೊತ್ತುಂಟು" ಎಂದರು. ನಿಜಕ್ಕೂ ಗೊತ್ತಿತ್ತು. ಮೂರು ಭಾನುವಾರ ನಿಂತು ಕೇಳಿ ಕೇಳಿ ಬಾಯಿಗೆ ಬಂದಿರಬೇಕೆಂದು ದೇವದಾಸರು ಅಂದುಕೊಂಡರು. ಹೆಂಡತಿ ತಪ್ಪುವುದಿಲ್ಲ ಎಂದು ಗೊತ್ತಿದ್ದರೂ ಲವಂಗ ಜಾರಿದಾಗಲೆಲ್ಲ ಅವರ ತುಟಿ ಅಲ್ಲಾಡುತ್ತಿತ್ತು. ಕುಶಾಲ್ ಒಂದು ಹೊತ್ತಿನ ಮೇಲೆ ಹೇಳುವುದನ್ನೇ ಬಿಟ್ಟು, ಕ್ಯಾಮರಾವನ್ನು ಅವರ ಹಿಂದಕ್ಕೆ ಒಯ್ದಿಟ್ಟ.

ಕೊನೆಯ ಶಾಟು ಉಳಿಯಿತು. ಹೆಂಡತಿ "ನಾಳೆಯಿಂದ ಎಷ್ಟು ಗಂಟೆಗೆ ಏಳ್ತೀರಿ?" ಎಂದು ಕೇಳುತ್ತಾಳೆ, ಗಂಡ "ಗೊತ್ತಿಲ್ಲ" ಎನ್ನುತ್ತಾನೆ, ಕಥೆ ಮುಗಿಯುತ್ತದೆ. ಇದಕ್ಕೆ ಮಾತ್ರ ಇಬ್ಬರ ಮುಖವೂ ಕಾಣಲೇಬೇಕು. ಸೋನಾಲಿ ಹೊಸದೊಂದು ಲವಂಗ ತಂದುಕೊಟ್ಟು, ಅಮ್ಮ ಮರೆತರೂ ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿಕೊಂಡಳು.

ನಳಿನಾಕ್ಷಿ ಚಹಾದ ಲೋಟ ಮುಂದಿಟ್ಟರು. ಗಂಡನ ಮುಖ ನೋಡಿದರು. ಮಾತು ಬರಲಿಲ್ಲ.

ಪ್ರಾಂಪ್ಟರ್ ಆದವನಿಗೆ ಒಂದು ಲೆಕ್ಕವಿದೆ. ನಟ ಮಾತು ಮರೆತರೆ ಮನಸ್ಸಿನಲ್ಲಿ ಮೂರು ಎಣಿಸಬೇಕು, ಮೂರಾದ ಕೂಡಲೇ ಹೇಳಿಕೊಡಬೇಕು. ದೇವದಾಸರು ಒಂದು, ಎರಡು, ಮೂರು ಎಣಿಸಿದರು. ಪಾಪ, ಮರೆತಳು. 'ನಾಳೆಯಿಂದ' ಎಂಬ ಮಾತು ನಾಲಗೆಯ ತುದಿಗೆ ಬಂದು ಒದ್ದಾಡಿತು. ಅವರು ಲವಂಗವನ್ನು ಇನ್ನಷ್ಟು ಬಲವಾಗಿ ಕಚ್ಚಿದರು. ನಾಲ್ಕು, ಐದು, ಆರು. ಯಾರಾದರೂ ಮಾತು ಮರೆತಾಗ ಇಷ್ಟು ಹೊತ್ತು ಸುಮ್ಮನಿದ್ದದ್ದು ಅವರ ಜನ್ಮದಲ್ಲೇ ಇಲ್ಲ. ಏಳು ಎಣಿಸುವಾಗ ನಳಿನಾಕ್ಷಿ ಬಾಯಿ ತೆರೆದರು.

"ಇಪ್ಪತ್ತೆರಡು ನಾಟಕ ಆಯ್ತು," ಎಂದರು. "ಎಲ್ಲದಕ್ಕೂ ಬಂದಿದ್ದೇನೆ. ಸ್ಟೇಜಿನಲ್ಲಿ ಯಾರು ಎಂತ ಕುಣಿದ್ರು, ನಾನು ನೋಡಿದ್ದಿಲ್ಲ. ನೀವು ಯಾವ ಬದಿಗೆ ನಿಂತಿದ್ದೀರಿ ಅಂತ ಕೇಳಿಕೊಂಡು ಆ ಪರದೆಯನ್ನೇ ನೋಡ್ತಾ ಕೂತುಕೊಳ್ತಿದ್ದೆ. ಒಂದು ವರ್ಷ, ಪುಟ ಮಗುಚುವಾಗ ನಿಮ್ಮ ಕೈ ಕಂಡಿತ್ತು. ಪಕ್ಕದವಳಿಗೆ ತೋರಿಸಿದೆ, ಅದು ನಮ್ಮವರದ್ದು ಅಂತ."

ಕೆಳಗೆ ಕಲ್ಯಾಣದ ಲೋಕಲ್ ಗಡಗಡ ಹಾದುಹೋಯಿತು. ಕುಶಾಲ್ ಕ್ಯಾಮರಾ ನಿಲ್ಲಿಸಲಿಲ್ಲ.

ಬುಧವಾರ ಸಂಜೆ ಜೋಡಿಸಿದ ಸಿನಿಮಾವನ್ನು ಸೋನಾಲಿ ಮನೆಯ ಕಂಪ್ಯೂಟರಿನಲ್ಲಿ ತೋರಿಸಿದಳು. ದೇವದಾಸರು ಹೊಸ ಅಂಗಿ ಹಾಕಿಕೊಂಡು ಕುರ್ಚಿ ಎಳೆದು ಮುಂದೆ ಕುಳಿತರು. ಹನ್ನೊಂದು ನಿಮಿಷ ಅವರ ನಡುನೆತ್ತಿಯ ಬೋಳು ಕಂಡಿತು. ಎಡಗಿವಿ ಕಂಡಿತು. ಲೋಟ ಹಿಡಿದ ಕೈ ಕಂಡಿತು. ಬೆನ್ನು ಹಲವು ಕೋನಗಳಿಂದ ಕಂಡಿತು. ಮುಖ ಎಲ್ಲಿಯೂ ಇರಲಿಲ್ಲ.

"ಸಾರಿ ಪಪ್ಪಾ," ಎಂದಳು ಸೋನಾಲಿ ಮೆಲ್ಲಗೆ. "ಆಪ್ ಕೇ ಹೋಂಟ್..."

"ಇರಲಿ ಮಗಾ. ಕಿವಿ ಒಳ್ಳೆ ಆ್ಯಕ್ಟಿಂಗ್ ಮಾಡಿದೆ," ಎಂದು ದೇವದಾಸರು ನಕ್ಕರು. ಲೋಕಲಿನ ಗುಂಪಿಗೆ ನಾಳೆ ಏನು ಹೇಳುವುದೆಂದು ಯೋಚಿಸುತ್ತಿದ್ದರು. ಸ್ವಂತ ಮಗಳ ಸಿನಿಮಾದಲ್ಲೂ ತಾನು ಪರದೆಯ ಹಿಂದೆಯೇ ಎಂದು ದುಃಖ ಒತ್ತಿಕೊಂಡು ಬಂತು.

ಅಷ್ಟರಲ್ಲಿ ಕೊನೆಯ ಶಾಟು ಬಂತು. ಪರದೆಯ ಮೇಲೆ ನಳಿನಾಕ್ಷಿಯ ಎದುರು ಅವರ ಮುಖ. ತುಟಿ ಮುಚ್ಚಿದೆ. ಲವಂಗ ಕಚ್ಚಿದ್ದರಿಂದ ದವಡೆ ಸ್ವಲ್ಪ ಬಿಗಿದಿದೆ. ನಳಿನಾಕ್ಷಿ ಮಾತಾಡುತ್ತಿದ್ದಾರೆ, ಆ ಮುಖ ಕೇಳಿಸಿಕೊಳ್ಳುತ್ತಿದೆ. ಕೇಳುತ್ತ ಕೇಳುತ್ತ ಬಿಗಿದ ದವಡೆ ಸಡಿಲವಾಗುತ್ತದೆ, ಕಣ್ಣು ತುಂಬುತ್ತದೆ. ಹೇಳಬೇಕಾಗಿದ್ದ "ಗೊತ್ತಿಲ್ಲ" ಎಂಬ ಒಂದೇ ಒಂದು ಮಾತನ್ನೂ ಪ್ರಾಂಪ್ಟರ್ ದೇವದಾಸರು ಮರೆತಿದ್ದಾರೆ. ತಮ್ಮ ಮುಖ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವರು ಕನ್ನಡಿಯಲ್ಲೂ ಕಂಡಿರಲಿಲ್ಲ. ಅಂಥ ಚೆಲುವೇನಲ್ಲ, ತೊಂಬತ್ತರ ನಿರ್ದೇಶಕರ ತೀರ್ಮಾನದಲ್ಲಿ ತಪ್ಪಿರಲಿಲ್ಲ ಎಂದುಕೊಂಡರು. ಹಿಂದಿರುಗಿ ನೋಡಿದರೆ ನಳಿನಾಕ್ಷಿ ಅಲ್ಲಿರಲಿಲ್ಲ, ಕುಕ್ಕರ್ ಮೂರನೆಯ ಸೀಟಿ ಹಾಕಿತೆಂದು ಎದ್ದುಹೋಗಿದ್ದರು.

ಇಷ್ಟೆಲ್ಲ ಆಗಿ, ಗುರುವಾರ ಮಧ್ಯಾಹ್ನ ದೇವದಾಸರು ಗಲ್ಲಾದ ಮೇಲೆ ಕಾಗದ ಹರಡಿಕೊಂಡು ಕುಳಿತದ್ದು. ನಟನೆ ಕಲಿತೆ ಎಂದು ಬರೆದರೆ ಸಿನಿಮಾ ನೋಡಿದವರು ನಗುತ್ತಾರೆ. ಹಲಗೆ ಹಿಡಿಯುವುದು ಕಲಿತೆ ಎನ್ನೋಣವೆಂದರೆ ಅದನ್ನು ಹಿಡಿದವಳು ಹೆಂಡತಿ. ನಾಲ್ಕೂವರೆಗೆ ಮೊದಲ ದೋಸೆಯವರು ಒಳಗೆ ಬಂದಾಗ ಅವಸರದಲ್ಲಿ ಒಂದೇ ಸಾಲು ಗೀಚಿದರು: 'ಎದುರಿನವರು ಮಾತು ಮರೆತಾಗ ಬಾಯಿ ಮುಚ್ಚಿಕೊಂಡಿರಲು ಕಲಿತೆ.' ಉಳಿದ ಹತ್ತೊಂಬತ್ತು ಗೆರೆ ಹಾಗೆಯೇ ಉಳಿದವು.

ಕಾಲೇಜಿನಲ್ಲಿ ಸಿನಿಮಾ ನೋಡಿದ ಪ್ರೊಫೆಸರು, ಹನ್ನೊಂದು ನಿಮಿಷ ಬ್ಯಾಂಕಿನ ಗುಮಾಸ್ತನಾಗಿದ್ದವನು ಕೊನೆಗೆ ನಾಟಕದವನು ಹೇಗಾದ ಎಂದು ಕೇಳಿದರಂತೆ. ಆಮೇಲೆ, ಆ ಕೊನೆಯ ಮಾತು ಬರೆದವರು ಯಾರು ಎಂದೂ ಕೇಳಿದರಂತೆ. ಯಾರೂ ಬರೆದಿಲ್ಲ, ಅಮ್ಮ ಮಾತು ಮರೆತದ್ದರಿಂದ ಹಾಗಾಯಿತು ಎಂದು ಸೋನಾಲಿ ಹೇಳಿ ಪಾಸಾಗಿ ಬಂದಳು. ಮನೆಯಲ್ಲಿ ಆ ಮಾತು ಮತ್ತೆ ಯಾರೂ ಎತ್ತಲಿಲ್ಲ. ನಳಿನಾಕ್ಷಿ ಎಂದಿನಂತೆ ಕಾಯಿ ತುರಿದರು. ಸೆಪ್ಟೆಂಬರಿನಲ್ಲಿ ದೇವದಾಸರು ಎಂದಿನಂತೆ ಸ್ಟೂಲು ಹಾಕಿಕೊಂಡು ಇಪ್ಪತ್ತಮೂರನೆಯ ನಾಟಕ ಓದಿದರು.

ಆ ವರ್ಷದ ನಾಟಕ ಠಾಣೆಯ ಸಭಾಗೃಹವೊಂದರಲ್ಲಿ, ಭಾನುವಾರ ಮಧ್ಯಾಹ್ನ. ಲೋಲಾಕ್ಷಿ ರಾಣಿ. ದೇವದಾಸರು ಎಡಗಡೆಯ ಪರದೆಯ ಹಿಂದೆ. ಯಾವ ಬದಿ ಎಂದು ಬೆಳಿಗ್ಗೆ ನಳಿನಾಕ್ಷಿ ಕೇಳಿದ್ದರು. ಪ್ರತಿ ವರ್ಷವೂ ಕೇಳುತ್ತಿದ್ದರು, ಅದು ಏಕೆಂದು ಈಗ ಗೊತ್ತಾಗಿತ್ತು. ಪರದೆಯ ಸೀಳಿನಲ್ಲಿ ನೋಡಿದರೆ ಮೂರನೆಯ ಸಾಲಿನಲ್ಲಿ ಆಕೆಯ ಹಸಿರು ಸೀರೆ ಕಾಣುತ್ತಿತ್ತು.

ಎರಡನೆಯ ಅಂಕದಲ್ಲಿ ಪುಟ ಮಗುಚುವ ಹೊತ್ತು ಬಂದಾಗ ದೇವದಾಸರು ತಮಗೆ ತಾವೇ ನಗುತ್ತ ಬಲಗೈಯನ್ನು ಬೇಕೆಂದೇ ಪರದೆಯಿಂದ ಆಚೆಗೆ ಚಾಚಿದರು. ಮಣಿಗಂಟಿನವರೆಗೂ ಚಾಚಿದರು. ಐವತ್ತನಾಲ್ಕು ವರ್ಷದ ಗಂಡಸು ಮಾಡುವ ಕೆಲಸವಲ್ಲ. ಹಾಗೆ ಚಾಚಿದ ಭರದಲ್ಲಿ ಎಡಗೈಯ ಪುಸ್ತಕ ಜಾರಿ ಕೆಳಗೆ ಬಿತ್ತು, ಹೊಲಿಗೆ ಬಿಟ್ಟ ಪುಟಗಳು ಚೆಲ್ಲಾಪಿಲ್ಲಿಯಾದವು. ರಂಗದ ಮೇಲೆ ಲೋಲಾಕ್ಷಿ ಮಾತು ನಿಲ್ಲಿಸಿ ಎಡಗಡೆಗೆ ನೋಡಿದರು. ದೇವದಾಸರು ಮಂಡಿಯೂರಿ ಪುಟ ಹುಡುಕುತ್ತಿದ್ದರು. ಒಂದು, ಎರಡು, ಮೂರು. ಸಭೆಯಲ್ಲಿ ಗುಸುಗುಸು ಎದ್ದಿತು. ನಾಲ್ಕು. ಐದು.

"ನನ್ನ ತವರಿನ ದೂತನನ್ನು ಒಳಗೆ ಬರಮಾಡಿರಿ," ಎಂಬ ಮಾತು ಕೇಳಿಸಿತು. ಬಂದದ್ದು ಮೂರನೆಯ ಸಾಲಿನಿಂದ. ಲೋಲಾಕ್ಷಿ ಅದನ್ನು ಎತ್ತಿಕೊಂಡು ಗಟ್ಟಿಯಾಗಿ ಹೇಳಿದರು. ಮುಂದಿನ ಮಾತೂ ಅಲ್ಲಿಂದಲೇ ಬಂತು, ಅದರ ಮುಂದಿನದೂ, ಒಂದಕ್ಷರ ತಪ್ಪದೆ. ಸಭೆ ನಕ್ಕು ಚಪ್ಪಾಳೆ ತಟ್ಟಿತು. ದೇವದಾಸರು ಕೈಯಲ್ಲಿ ಪುಟ ಹಿಡಿದುಕೊಂಡು ನೆಲದ ಮೇಲೆಯೇ ಕುಳಿತುಬಿಟ್ಟರು. ಇವಳಿಗೆ ಇಡೀ ನಾಟಕ ಬಾಯಿಗೆ ಬರುತ್ತದೆ. ಕಾಯಿ ತುರಿಯುತ್ತ, ಬಸಳೆ ಸೋಸುತ್ತ ಕೇಳಿದ ರಾಜರಾಣಿಯರ ಪುಟಗಟ್ಟಲೆ ಮಾತು ಮರೆಯದವಳು, ಫೆಬ್ರವರಿಯ ಆ ಮಂಗಳವಾರ ನಾಲ್ಕು ಪದದ ಒಂದು ಮಾತನ್ನು ಮರೆತಳೇ?

ನಾಟಕ ಮುಗಿದ ಮೇಲೆ ಠಾಣೆ ಸ್ಟೇಷನ್ನಿನಲ್ಲಿ ನಳಿನಾಕ್ಷಿ ಲೇಡೀಸ್ ಡಬ್ಬಿ ಹತ್ತಿದರು, ದೇವದಾಸರು ಜನರಲ್. ಡೊಂಬಿವಲಿಯವರೆಗೂ ದೇವದಾಸರು ಬಾಗಿಲ ಪಕ್ಕ ಒತ್ತಿಕೊಂಡು ನಿಂತು, ಇಳಿದ ಕೂಡಲೇ ಕೇಳಬೇಕಾದ ಪ್ರಶ್ನೆಯನ್ನು ಜೋಡಿಸಿಕೊಂಡರು. ತುಟಿ ಅಲ್ಲಾಡುತ್ತಿತ್ತೆಂದು ಕಾಣುತ್ತದೆ, ಎದುರಿನವನು ವಿಚಿತ್ರವಾಗಿ ನೋಡುತ್ತಿದ್ದ.

ಸೇತುವೆಯ ಮೆಟ್ಟಿಲ ಬುಡದಲ್ಲಿ ನಳಿನಾಕ್ಷಿ ಕಾಯುತ್ತಿದ್ದರು. ದೇವದಾಸರು ಹತ್ತಿರ ಹೋಗಿ ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಇಬ್ಬರೂ ಜನರ ನಡುವೆ ಮೆಟ್ಟಿಲು ಹತ್ತತೊಡಗಿದರು. ಅರ್ಧ ಹತ್ತಿದ ಮೇಲೆ ನಳಿನಾಕ್ಷಿಯೇ ಮಾತಾಡಿದರು.

"ಕೈ ಕಂಡಿತು," ಎಂದರು.